ಅಲಾಯ್ ವೀಲ್ ಬೇಕಾ? ಮೊದಲು ಸೈಜ್ ನೋಡಿ, ಆಮೇಲೆ ಡಿಸೈನ್

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳ ಮುಂದೆ ಸಾಲಾಗಿ ಜೋಡಿಸಿಟ್ಟ ಅಲಾಯ್ ವೀಲ್‌ಗಳನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ದಿನಾ ಆಫೀಸಿಗೆ ಓಡಿಸುವ ಕಾರಿಗೂ ಧಾರಾಳವಾಗಿ ಹಾಕಿಸಬಹುದು. ಆದರೆ ನಮ್ಮೂರಿನ ಗುಂಡಿಗಳಲ್ಲಿ ವೀಲ್ ಉಳಿಯುತ್ತಾ ಇಲ್ವಾ ಅನ್ನೋದು ಬಹುಪಾಲು ಸೈಜಿನ ಮೇಲೆ ನಿಂತಿದೆ.

ಸ್ಟೀಲ್ ವೀಲ್ ಅಂದರೆ ತಗಡು ಒತ್ತಿ, ವೆಲ್ಡ್ ಮಾಡಿದ್ದು. ಪೆಟ್ಟು ಬಿದ್ದರೆ ಬಾಗುತ್ತದೆ, ಟೈರ್ ಅಂಗಡಿಯಲ್ಲಿ ತಟ್ಟಿ ಸರಿ ಮಾಡಿಕೊಡುತ್ತಾರೆ. ಅಲಾಯ್ ಸಾಮಾನ್ಯವಾಗಿ ಅಲ್ಯೂಮಿನಿಯಂಗೆ ಸಿಲಿಕಾನ್ ಬೆರೆಸಿ ಅಚ್ಚಿಗೆ ಎರೆದದ್ದು. ಪೆಟ್ಟು ಜೋರಾದರೆ ಬಿರುಕು ಬಿಡುತ್ತದೆ. ಅಲಾಯ್ ಹಾಕಿದರೆ ಮೈಲೇಜ್ ಜಾಸ್ತಿ ಅನ್ನೋ ಮಾತನ್ನು ಪೂರ್ತಿ ನಂಬಬೇಡಿ. ಅಲ್ಯೂಮಿನಿಯಂ ಹಗುರವೇ, ಆದರೆ ಗಟ್ಟಿಯಾಗಿರಲಿ ಅಂತ ದಪ್ಪಗೆ ಎರೆಯುತ್ತಾರೆ. ಸೈಜ್ ಏರಿಸಿದರೆ ಉಳಿದ ಲಾಭವೂ ಹೋಗುತ್ತದೆ. ಬ್ರೇಕಿನ ಬಿಸಿ ಬೇಗ ಹೊರಹೋಗುವುದು, ತುಕ್ಕು ಹಿಡಿಯದಿರುವುದು, ನೋಟ: ಇವು ನಿಜವಾದ ಲಾಭಗಳು.

ಈಗ ಸೈಜ್. ಸ್ವಿಫ್ಟ್ ಕಾರನ್ನೇ ತಗೊಳ್ಳಿ. ಕೆಳಗಿನ ಮಾಡೆಲ್‌ಗಳಿಗೆ 165/80 ಆರ್14 ಟೈರ್ ಬಂದಿದೆ, ಮೇಲಿನವಕ್ಕೆ 185/65 ಆರ್15. ಮೊದಲ ಸಂಖ್ಯೆ ಟೈರಿನ ಅಗಲ ಮಿ.ಮೀ.ನಲ್ಲಿ, ಎರಡನೆಯದು ಸೈಡ್‌ವಾಲ್ (ರಿಮ್‌ನಿಂದ ಟೈರಿನ ಹೊರ ಅಂಚಿನವರೆಗಿನ ಎತ್ತರ) ಆ ಅಗಲದ ಶೇಕಡಾ ಎಷ್ಟು ಅನ್ನೋದು, ಕೊನೆಯದು ರಿಮ್ ವ್ಯಾಸ ಇಂಚುಗಳಲ್ಲಿ. ಲೆಕ್ಕ ಹಾಕಿದರೆ ಎರಡರ ಒಟ್ಟು ವ್ಯಾಸವೂ ಸುಮಾರು 620 ಮಿ.ಮೀ. ಆದ್ದರಿಂದ ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ. ಆದರೆ ಸೈಡ್‌ವಾಲ್ 132 ಮಿ.ಮೀ.ನಿಂದ 120ಕ್ಕೆ ಇಳಿಯಿತು. 195/55 ಆರ್16 ಹಾಕಿದರೆ ವ್ಯಾಸ ಅಷ್ಟೇ, ಸೈಡ್‌ವಾಲ್ ಬರೀ 107. ರಿಮ್‌ಗೂ ಗುಂಡಿಯ ಅಂಚಿಗೂ ನಡುವೆ ಇರುವ ಮೆತ್ತೆ ಅಂದರೆ ಅದೊಂದೇ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಯ ಆಳ ಯಾರಿಗೆ ಗೊತ್ತಾಗುತ್ತೆ? ನನ್ನ ಮಾತು ಕೇಳುವುದಾದರೆ, ನಿಮ್ಮ ಕಾರಿನ ಟಾಪ್ ಮಾಡೆಲ್‌ಗೆ ಕಂಪನಿ ಕೊಡುವ ಸೈಜ್ ದಾಟಬೇಡಿ.

ಅಂಗಡಿಯಲ್ಲಿ ವೀಲನ್ನು ತಿರುಗಿಸಿ ಹಿಂಬದಿ ನೋಡಿ. ಅಚ್ಚಿನಲ್ಲೇ ಮೂಡಿದ ಸಂಖ್ಯೆಗಳಿರುತ್ತವೆ. 15x6ಜೆ ಅಂದರೆ ವ್ಯಾಸ, ಅಗಲ ಇಂಚುಗಳಲ್ಲಿ. 4x100 ಅಂದರೆ ನಾಲ್ಕು ನಟ್, ಅವು ಕೂರುವ ವೃತ್ತದ ವ್ಯಾಸ 100 ಮಿ.ಮೀ. ಸ್ವಿಫ್ಟ್‌ಗೆ ಇದೇ ಬೇಕು, ಕ್ರೆಟಾಗೆ 5x114.3. ಇಟಿ ಅಂತ ಇರುವುದು ಆಫ್‌ಸೆಟ್, ಅಂದರೆ ವೀಲಿನ ಅಗಲದ ನಡುಗೆರೆಯಿಂದ ಅದು ಕಾರಿಗೆ ಕೂರುವ ಮುಖಕ್ಕಿರುವ ದೂರ, ಮಿ.ಮೀ.ನಲ್ಲಿ. ಅದು ಕಂಪನಿ ಅಳತೆಗಿಂತ ತೀರಾ ಕಡಿಮೆಯಾದರೆ ಟೈರ್ ಮಡ್‌ಗಾರ್ಡ್‌ನಿಂದ ಹೊರಗೆ ಚಾಚುತ್ತದೆ, ಬೇರಿಂಗ್ ಮೇಲೂ ಭಾರ ಬೀಳುತ್ತದೆ. ನಡುವಿನ ತೂತು ಹಬ್‌ಗಿಂತ (ವೀಲ್ ಕೂರುವ ಕಾರಿನ ನಡುಭಾಗ) ದೊಡ್ಡದಿದ್ದರೆ ಆ ಸಂದು ತುಂಬುವ ಹಬ್ ರಿಂಗ್ ಕೇಳಿ ಹಾಕಿಸಿ, ಇಲ್ಲದಿದ್ದರೆ ಸ್ಟೀರಿಂಗ್ ನಡುಗಬಹುದು. ಐಎಸ್‌ಐ ಗುರುತು ಇಲ್ಲದ ವೀಲ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಸೆಕೆಂಡ್ ಹ್ಯಾಂಡ್ ಆದರೆ ಒಳಗಿನ ಅಂಚಿನ ಸುತ್ತ ಬೆರಳಾಡಿಸಿ. ಬಿರುಕು ಜಾಸ್ತಿ ಬರುವುದೇ ಅಲ್ಲಿ, ಮುಂದಿನಿಂದ ಏನೂ ಕಾಣಿಸುವುದಿಲ್ಲ. ವೆಲ್ಡ್ ಮಾಡಿ ಪೇಂಟ್ ಹೊಡೆದ ಜಾಗ ಕೈಗೆ ಉಬ್ಬಾಗಿ ಸಿಗುತ್ತದೆ. ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ.

ಹಾಕಿಸುವಾಗ ನಟ್‌ಗಳನ್ನು ಏರ್ ಗನ್‌ನಲ್ಲಿ ಸುಮ್ನೆ ಬಿಗಿಯಲು ಬಿಡಬೇಡಿ, ಕೊನೆಗೆ ಎಷ್ಟು ಬೇಕೋ ಅಷ್ಟೇ ಬಿಗಿಯುವ ಟಾರ್ಕ್ ರೆಂಚ್ ಬಳಸಲಿ. ಬ್ಯಾಲೆನ್ಸಿಂಗ್‌ಗೆ ಅಂಚಿಗೆ ಬಡಿಯುವ ತೂಕ ಬೇಡ, ಒಳಗೆ ಅಂಟಿಸುವುದೇ ಆಗಲಿ. ಸುಮಾರು 100 ಕಿ.ಮೀ. ಓಡಿಸಿದ ಮೇಲೆ ನಟ್ ಮತ್ತೊಮ್ಮೆ ಚೆಕ್ ಮಾಡಿಸಿ. ಇನ್ಶೂರೆನ್ಸ್ ಕಂಪನಿಗೆ ತಿಳಿಸುವುದನ್ನು ಮರೆಯಬೇಡಿ. ಆಮೇಲೆ ಜೋರಾಗಿ ಗುಂಡಿಗೆ ಬಿದ್ದು, ಒಂದೇ ಟೈರಿನ ಗಾಳಿ ಮತ್ತೆ ಮತ್ತೆ ಇಳಿಯುತ್ತಿದ್ದರೆ ವೀಲ್ ಬಿಚ್ಚಿಸಿ, ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತಾ ನೋಡಿಸಿ.

ಸ್ಟೆಪ್ನಿ ಸ್ಟೀಲೇ ಇರಲಿ, ತೊಂದರೆಯಿಲ್ಲ. ಆದರೆ ಅಲಾಯ್ ಜೊತೆ ಬೇರೆ ನಟ್ ಕೊಟ್ಟಿದ್ದರೆ ಅವು ಸ್ಟೀಲ್ ವೀಲ್‌ಗೆ ಸರಿಯಾಗಿ ಕೂರದೇ ಇರಬಹುದು. ಹಳೆಯ ನಟ್‌ಗಳಲ್ಲಿ ಒಂದು ಸೆಟ್ ಡಿಕ್ಕಿಯಲ್ಲೇ ಇಟ್ಟುಕೊಳ್ಳಿ.