ಮಾಸ್ಟೊಡಾನ್‌ಗೆ ಹೋಗುವ ಮುಂಚೆ ಹಳೆ ಖಾತೆ ಅಳಿಸಬೇಡಿ

ಈಗಿರುವ ಜಾಲತಾಣ ಬಿಟ್ಟು, ಟ್ವಿಟರ್ ತರಹದ್ದೇ ಇನ್ನೊಂದು ಸಾಮಾಜಿಕ ಜಾಲತಾಣವಾದ ಮಾಸ್ಟೊಡಾನ್‌ಗೆ ಹೋಗುವುದು ಹೇಗೆ ಅಂತ ಗುಂಪಿನಲ್ಲಿ ಮೂರ್ನಾಲ್ಕು ಜನ ಕೇಳಿದ್ದೀರಿ. ಮೊದಲು ಹಳೆ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಪೋಸ್ಟು, ಫೋಟೊಗಳ ಪ್ರತಿ ಕೇಳಿ. ಕೇಳಿದ ತಕ್ಷಣ ಸಿಗುವುದಿಲ್ಲ, ಒಂದೆರಡು ದಿನ ಹಿಡಿಯಬಹುದು. ಅದು ಕೈಗೆ ಬಂದ ಮೇಲೂ ಬಯೋದಲ್ಲಿ ಹೊಸ ವಿಳಾಸ ಬರೆದು ಕೆಲವು ತಿಂಗಳು ಖಾತೆ ಹಾಗೇ ಇರಲಿ.

ಜಾಸ್ತಿ ಜನ ತಡವರಿಸುವುದು ಸರ್ವರ್ ಆರಿಸುವಾಗ. ಮಾಸ್ಟೊಡಾನ್ ಒಂದೇ ತಾಣವಲ್ಲ, ಬೇರೆ ಬೇರೆಯವರು ನಡೆಸುವ ಹಲವು ಸರ್ವರ್‌ಗಳ ಜಾಲ; ಅದರಲ್ಲಿ ಒಂದನ್ನು ಆರಿಸಿ ಖಾತೆ ತೆರೆಯಬೇಕು. ಇಮೇಲ್ ಇದ್ದಂತೆ ಅಂದುಕೊಳ್ಳಿ. ನಿಮ್ಮದು ಜಿಮೇಲ್, ನನ್ನದು ಯಾಹೂ ಆದರೂ ಪತ್ರ ತಲುಪುತ್ತದೆ ಅಲ್ವಾ? ಇದೂ ಹಾಗೇ. ಆದರೆ ನಡೆಸುವವರು ಯಾರು, ಖರ್ಚು ಹೇಗೆ ತೂಗಿಸುತ್ತಾರೆ ಅಂತ ಆ ಸರ್ವರಿನ ಪರಿಚಯದ ಪುಟದಲ್ಲಿ ನೋಡಿ. ಹೆಸರು ಚೆನ್ನಾಗಿದೆ ಅಂತ ಸುಮ್ನೆ ನಾನು ಸೇರಿದ್ದ ಪುಟ್ಟ ಸರ್ವರ್ ಎಂಟೇ ತಿಂಗಳಿಗೆ ಮುಚ್ಚಿತು. ಬೇರೆ ಕಡೆ ಹೋದಾಗ ಫಾಲೋವರ್ಸ್ ಜೊತೆಗೆ ಬಂದರು, ಪೋಸ್ಟುಗಳು ಬರಲಿಲ್ಲ. ಮಾಸ್ಟೊಡಾನ್ ಇರುವುದೇ ಹಾಗೆ.

ಅಲ್ಲಿ ಆಲ್ಗರಿದಮ್ ನಿಮ್ಮ ಪೋಸ್ಟನ್ನು ಹೊತ್ತು ತಿರುಗುವುದಿಲ್ಲ. #ಕನ್ನಡ ಅಂತ ಹ್ಯಾಶ್‌ಟ್ಯಾಗ್ ಹಾಕಿ, ಅದನ್ನೇ ಫಾಲೋ ಕೂಡ ಮಾಡಿ. ಮೊದಲ ವಾರ ಬಿಕೋ ಅನ್ನಿಸುತ್ತದೆ, ಇರಲಿ.

ಹಾಂ, ಅಲ್ಲಿನ ಖಾಸಗಿ ಸಂದೇಶಗಳನ್ನು ಸರ್ವರ್ ನಡೆಸುವವರು ಬೇಕೆಂದರೆ ಓದಬಹುದು. ಬ್ಯಾಂಕ್ ವಿವರ, ಮನೆ ವಿಳಾಸ ಅಲ್ಲಿ ಬೇಡ.