ಮದರ್‌ಬೋರ್ಡ್ ಬ್ಯಾಟರಿ ಮುಗಿದಿದೆಯೇ? ಪ್ಲಗ್ ತೆಗೆದು ನೋಡಿ

ಕಂಪ್ಯೂಟರ್ ಆಫ್ ಆಗಿದ್ದರೂ ಗೋಡೆಯ ಸ್ವಿಚ್ ಆನ್ ಇದ್ದರೆ ಒಳಗೆ ಕರೆಂಟ್ ಹಂಚುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ 5 ವೋಲ್ಟ್ ಸ್ಟ್ಯಾಂಡ್‌ಬೈ ಕರೆಂಟ್ ಬೋರ್ಡಿಗೆ ಬರುತ್ತಲೇ ಇರುತ್ತದೆ. ಬೋರ್ಡಿನೊಳಗಿನ ಗಡಿಯಾರ ನಡೆಯುವುದು ಅದರಲ್ಲೇ. ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಕೆಲಸಕ್ಕಿಳಿಯುವುದು ಕರೆಂಟ್ ಪೂರ್ತಿ ಕಡಿದಾಗ. ಹಾಗಾಗಿ ಸತ್ತ ಬ್ಯಾಟರಿ ತಿಂಗಳುಗಟ್ಟಲೆ ಗೊತ್ತೇ ಆಗದೆ ಕೂತಿರಬಹುದು. ಇಷ್ಟು ವರ್ಷಕ್ಕೊಮ್ಮೆ ಬದಲಿಸಬೇಕು ಎಂಬ ಲೆಕ್ಕವನ್ನು ನಾನು ಹಿಡಿಯುವುದಿಲ್ಲ. ದಿನವೂ ಸ್ವಿಚ್ ಆರಿಸುವ ಕಡೆ ಅದು ಬೇಗ ಮುಗಿಯುತ್ತದೆ, ಸದಾ ಆನ್ ಇರುವ ಕಡೆ ಬಹಳ ಕಾಲ ಬಾಳುತ್ತದೆ.

ನಾನು ಪರೀಕ್ಷಿಸುವುದು ಹೀಗೆ: ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನದೇ ಸೆಟ್ಟಿಂಗ್ ಪರದೆ) ಸಮಯವನ್ನು ಫೋನ್ ನೋಡಿ ಸರಿಮಾಡಿ, ಆಫ್ ಮಾಡಿ, ಪ್ಲಗ್ ತೆಗೆದು ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಮತ್ತೆ ನೇರವಾಗಿ ಬಯಾಸ್‌ಗೇ ಹೋಗಬೇಕು. ವಿಂಡೋಸ್ ಏಳಲು ಬಿಟ್ಟರೆ ಅದು ಇಂಟರ್ನೆಟ್‌ನಿಂದ ಸಮಯ ತಿದ್ದಿಕೊಂಡು ಇದ್ದ ಸುಳಿವನ್ನೂ ಅಳಿಸುತ್ತದೆ. ಗಡಿಯಾರ ಗಂಟೆಗಟ್ಟಲೆ ಹಿಂದೆ ಬಿದ್ದಿದ್ದರೆ ಅಥವಾ ತಾರೀಕು ಯಾವುದೋ ಹಳೆಯ ವರ್ಷಕ್ಕೆ ಹೋಗಿದ್ದರೆ ಬ್ಯಾಟರಿಯೇ ಕಾರಣ. ಎರಡು ಆಪರೇಟಿಂಗ್ ಸಿಸ್ಟಮ್ ಇರುವ ಯಂತ್ರದಲ್ಲಿ ವ್ಯತ್ಯಾಸ ಪ್ರತಿ ಸಲವೂ ನಿಮ್ಮ ಟೈಮ್ ಝೋನ್‌ನಷ್ಟೇ ಇದ್ದರೆ ಅದು ಸೆಟ್ಟಿಂಗ್‌ನ ತೊಂದರೆ. ಆಗ ಬ್ಯಾಟರಿ ಮುಟ್ಟಬೇಡಿ.

ಜನ ಹೆಚ್ಚು ಮೋಸಹೋಗುವುದು ಬೇರೆಡೆ. ಹಲವು ಬೋರ್ಡುಗಳಲ್ಲಿ ಬ್ಯಾಟರಿ ಸತ್ತಾಗ ಬಯಾಸ್ ತನ್ನ ಮೂಲ ಸೆಟ್ಟಿಂಗ್‌ಗೆ ಮರಳುತ್ತದೆ. ಬೂಟ್ ಕ್ರಮ, ಡಿಸ್ಕ್ ಜೊತೆ ವ್ಯವಹರಿಸುವ ವಿಧಾನದ (ಎಎಚ್‌ಸಿಐ ಅಥವಾ ರೇಡ್) ಆಯ್ಕೆ ಬದಲಾಗಿ ವಿಂಡೋಸ್ ಏಳುವುದಿಲ್ಲ. ಡಿಸ್ಕ್ ಕೆಟ್ಟಿತೆಂದುಕೊಂಡು ಫಾರ್ಮ್ಯಾಟ್ ಮಾಡಿಬಿಡುತ್ತಾರೆ. ದಯವಿಟ್ಟು ಅದಕ್ಕೂ ಮೊದಲು ಬಯಾಸ್‌ನ ತಾರೀಕು ನೋಡಿ.

ಮಲ್ಟಿಮೀಟರ್ ಇದ್ದರೆ ಡಿಸಿ 20 ವೋಲ್ಟ್‌ಗೆ ಇಟ್ಟು, ಪ್ಲಗ್ ತೆಗೆದು, ಬ್ಯಾಟರಿ ಹೋಲ್ಡರ್‌ನಲ್ಲೇ ಇರುವಾಗ ಅಳೆಯಿರಿ: ಕೆಂಪು ಕಡ್ಡಿ ಬ್ಯಾಟರಿಯ ಮೇಲ್ಮೈಗೆ, ಕಪ್ಪು ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹಕ್ಕೆ. ಹೊರತೆಗೆದು ಅಳೆದರೆ ಸೋತ ಬ್ಯಾಟರಿಯೂ ಕೆಲವೊಮ್ಮೆ ಚೆನ್ನಾಗಿಯೇ ತೋರಿಸುತ್ತದೆ. 3 ವೋಲ್ಟ್ ಇಲ್ಲವೇ ಮೇಲಿದ್ದರೆ ಚಿಂತೆಯಿಲ್ಲ. 2.8ಕ್ಕಿಂತ ಕೆಳಗಿದ್ದರೆ ನಾನು ಬದಲಿಸಿಬಿಡುತ್ತೇನೆ, ಏಕೆಂದರೆ ಲಿಥಿಯಂ ಬ್ಯಾಟರಿ ಬಹುಕಾಲ ಒಂದೇ ಮಟ್ಟದಲ್ಲಿದ್ದು ಕೊನೆಗೆ ಸರ್ರನೆ ಇಳಿಯುತ್ತದೆ.

ಬೇಕಾದದ್ದು ಸಾಮಾನ್ಯವಾಗಿ ಸಿಆರ್ 2032: 20 ಮಿಲಿಮೀಟರ್ ಅಗಲ, 3.2 ದಪ್ಪ. ಸಿಆರ್ 2025 ಬರೀ 2.5 ದಪ್ಪ, ಸಡಿಲವಾಗಿ ಕೂರುತ್ತದೆ. ರೀಚಾರ್ಜ್ ಆಗುವ ಎಲ್‌ಐಆರ್ 2032 ಬೇಡ, ಅದರ ವೋಲ್ಟೇಜ್ ಹೆಚ್ಚು.

ಬದಲಿಸುವ ಮೊದಲು ಬಯಾಸ್ ಪುಟಗಳ ಫೋಟೊ ತೆಗೆಯಿರಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಕೈಯಲ್ಲಿರಲಿ. ಪ್ಲಗ್ ತೆಗೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ, ಕ್ಯಾಬಿನೆಟ್‌ನ ಲೋಹ ಮುಟ್ಟಿ. ಹೋಲ್ಡರ್‌ನ ಪಕ್ಕದ ಕೊಕ್ಕೆ ಒತ್ತಿದರೆ ಬ್ಯಾಟರಿ ತಾನೇ ಏಳುತ್ತದೆ. ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಲೋಹದ ನಾಲಗೆ ಬಾಗಿ ಹೊಸದೂ ಸಂಪರ್ಕ ಕೊಡುವುದಿಲ್ಲ. ಹೋಲ್ಡರ್ ಮಲಗಿದ್ದರೆ ಪ್ಲಸ್ ಗುರುತು ಮೇಲೆ ಬರಬೇಕು.

ಹೊಸದು ಕೆಲವೇ ವಾರದಲ್ಲಿ ಸೋತರೆ ಕ್ಲಿಯರ್ ಸೀಮಾಸ್ ಜಂಪರ್ (ಬಯಾಸ್ ಸೆಟ್ಟಿಂಗ್ ಅಳಿಸಲು ಬೋರ್ಡಿನ ಮೇಲಿರುವ ಪುಟ್ಟ ಕ್ಲಿಪ್) ಸರಿಯಾದ ಜಾಗದಲ್ಲಿದೆಯೇ ನೋಡಿ. ಅದೂ ಸರಿಯಿದ್ದರೆ ಬೋರ್ಡೇ ಕರೆಂಟ್ ಸೋರಿಸುತ್ತಿರಬಹುದು. ಹಳೆಯ ಬ್ಯಾಟರಿಯ ಎರಡೂ ಬದಿಗೆ ಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು ಇ-ತ್ಯಾಜ್ಯಕ್ಕೆ ಕೊಡಿ. ನುಂಗಿದರೆ ಅದು ಗಂಟಲನ್ನೇ ಸುಡುತ್ತದೆ.