ಅಮೆರಿಕದ ಹನ್ನೆರಡನೇ ತರಗತಿಯ ಇಂಗ್ಲಿಷ್: ಕರಾವಳಿಯಿಂದ ಹೊರಡುವ ಮಕ್ಕಳಿಗೂ ಹೆತ್ತವರಿಗೂ

ಟೆಕ್ಸಾಸ್‌ನಲ್ಲಿ ಮಕ್ಕಳ ಹೈಸ್ಕೂಲು ಮುಗಿಸಿಕೊಂಡು ನಾನು ಉಡುಪಿಗೆ ಮರಳಿದ ಮೇಲೂ, ವೀಸಾ ಕೈಗೆ ಬಂದ ಕುಟುಂಬಗಳು ಮಂಗಳೂರಿನಿಂದ, ಕುಂದಾಪುರದಿಂದ ಬಂದು ಅಲ್ಲಿನ ಶಾಲೆಗಳ ಬಗ್ಗೆ ವಿಚಾರಿಸುವುದು ನಿಂತಿಲ್ಲ. ಎಲ್ಲರ ಪ್ರಶ್ನೆಯೂ ಗಣಿತ ಮತ್ತು ವಿಜ್ಞಾನದ ಸುತ್ತಲೇ ಇರುತ್ತದೆ. ಎಲ್‌ಕೆಜಿಯಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಗುವಿಗೆ ಇಂಗ್ಲಿಷ್‌ನಲ್ಲಿ ಏನು ಕಷ್ಟ ಎಂಬ ಧೈರ್ಯದಿಂದ ಆ ವಿಷಯವನ್ನು ಯಾರೂ ಎತ್ತುವುದಿಲ್ಲ. ನಾನು ಕಂಡಂತೆ ನಮ್ಮ ಮಕ್ಕಳು ಕ್ಯಾಲ್ಕುಲಸ್‌ನಲ್ಲಿ ಎಡವಿದ್ದು ಅಪರೂಪ. ಸೀನಿಯರ್ ವರ್ಷದ, ಅಂದರೆ ಹನ್ನೆರಡನೇ ತರಗತಿಯ, ಇಂಗ್ಲಿಷ್‌ನಲ್ಲಿ ಎಡವಿದವರೇ ಹೆಚ್ಚು.

ಈ ವಿಷಯವನ್ನು ಬಿಟ್ಟು ಮುಂದೆ ಹೋಗಲು ಅಲ್ಲಿ ದಾರಿಯಿಲ್ಲ. ಟೆಕ್ಸಾಸ್‌ನಲ್ಲಿ ಹೈಸ್ಕೂಲ್ ಡಿಪ್ಲೊಮಾಕ್ಕೆ, ಅಂದರೆ ಹೈಸ್ಕೂಲು ಮುಗಿಸಿದ ಪ್ರಮಾಣಪತ್ರಕ್ಕೆ, ಇಂಗ್ಲಿಷ್‌ನ ನಾಲ್ಕು ಕ್ರೆಡಿಟ್‌ಗಳು (ವರ್ಷದ ಓದಿಗೆ ಒಂದರಂತೆ) ಬೇಕು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಕನಿಷ್ಠ ನಿಯಮ ಮೂರು ವರ್ಷಗಳದ್ದಾದರೂ, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ ಅರ್ಜಿ ಹಾಕುವವರು ನಾಲ್ಕು ವರ್ಷ ಓದಿರಬೇಕು. ಈ ಲೆಕ್ಕ ಒಂಬತ್ತನೇ ತರಗತಿಯಿಂದ ಆರಂಭವಾಗುವುದರಿಂದ ಆ ವರ್ಷದ ಅಂಕಪಟ್ಟಿಯನ್ನು ಶಾಲೆಯ ಮೊಹರು ಹಾಕಿಸಿ ಜೊತೆಗೆ ಒಯ್ಯಬೇಕು. ಎಸ್ಸೆಸ್ಸೆಲ್ಸಿಯ ಅಂಕಪಟ್ಟಿಯನ್ನು ಲ್ಯಾಮಿನೇಟ್ ಮಾಡಿಸಿ ಜೋಪಾನವಾಗಿಟ್ಟುಕೊಂಡು, ಒಂಬತ್ತನೆಯದನ್ನು ಇಲ್ಲೇ ಮರೆತು ಹೋಗಿ ಆಮೇಲೆ ಅಜ್ಜನನ್ನು ಶಾಲೆಗೆ ಓಡಿಸಿದವರು ಕಡಿಮೆಯಲ್ಲ.

ನಮ್ಮಲ್ಲಿರುವಂತೆ ವರ್ಷದ ಕೊನೆಯ ಪರೀಕ್ಷೆಯೇ ಬಹುಪಾಲು ತೀರ್ಮಾನಿಸುವ ಪದ್ಧತಿ ಅಲ್ಲಿಲ್ಲ. ವಾರವಾರದ ಬರವಣಿಗೆ, ಚರ್ಚೆ ಮತ್ತು ಪ್ರಬಂಧಗಳ ಅಂಕಗಳು ಕೂಡುತ್ತಾ ಹೋಗಿ ಗ್ರೇಡ್ ಆಗುತ್ತವೆ. ಕೊನೆಯ ತಿಂಗಳು ರಾತ್ರಿಯಿಡೀ ಓದಿ ಸರಿಮಾಡಿಕೊಳ್ಳುವೆ ಎನ್ನುವ ಹುಡುಗನಿಗೆ ಈ ಲೆಕ್ಕವನ್ನು ಮೊದಲೇ ತೋರಿಸಬೇಕು: ಸಮಾನ ತೂಕದ ಐದು ಪ್ರಬಂಧಗಳಲ್ಲಿ ನಾಲ್ಕಕ್ಕೆ 90 ಬಂದು ಒಂದಕ್ಕೆ ಸೊನ್ನೆ ಬಿದ್ದರೆ ಸರಾಸರಿ 72ಕ್ಕೆ ಇಳಿಯುತ್ತದೆ.

ಆ ಸೊನ್ನೆ ಎಲ್ಲಿಂದ ಬರುತ್ತದೆ ಎಂಬುದನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಸ್ಪಾರ್ಕ್‌ನೋಟ್ಸ್, ಲಿಟ್‌ಚಾರ್ಟ್ಸ್‌ನಂತಹ ಜಾಲತಾಣಗಳಲ್ಲಿ ಪಠ್ಯವಾಗುವ ನಾಟಕ, ಕಾದಂಬರಿಗಳ ಸಾರಾಂಶವೂ ವಿಶ್ಲೇಷಣೆಯೂ ಸಿದ್ಧವಾಗಿ ಸಿಗುತ್ತವೆ. ಅವನ್ನು ಓದುವುದು ತಪ್ಪಲ್ಲ. ಆದರೆ ಉಪನ್ಯಾಸಕರು ಕೊಟ್ಟ ನೋಟ್ಸನ್ನು ಅಕ್ಷರ ಬಿಡದೆ ಒಪ್ಪಿಸಿದರೆ ಪೂರ್ತಿ ಅಂಕ ಸಿಗುವ ಪಿಯುಸಿಯಲ್ಲಿ ಪಳಗಿದ ಮಕ್ಕಳು ಆ ತಾಣಗಳನ್ನೂ ನೋಟ್ಸ್ ಎಂದೇ ಬಗೆಯುತ್ತಾರೆ. ಇಲ್ಲಿ ಬೆನ್ನು ತಟ್ಟಿಸಿಕೊಳ್ಳುವ ಅದೇ ಕೆಲಸಕ್ಕೆ ಅಲ್ಲಿ ಕೃತಿಚೌರ್ಯವೆಂದು ಹೆಸರು.

ಸುರತ್ಕಲ್ ಕಡೆಯ ಒಬ್ಬ ಹುಡುಗ, ಬಹಳ ಸಾಧು ಹುಡುಗ, ‘ಮ್ಯಾಕ್‌ಬೆತ್’ ನಾಟಕದ ಬಗ್ಗೆ ಪ್ರಬಂಧ ಬರೆಯುವಾಗ ಒಂದು ತಾಣದಿಂದ ಒಂದು ಪ್ಯಾರಾವನ್ನು ತೆಗೆದು, ವಾಕ್ಯಕ್ಕೆರಡು ಶಬ್ದ ಬದಲಿಸಿ ಸೇರಿಸಿದ್ದ. ಸಲ್ಲಿಸಿದ ಪ್ರಬಂಧವನ್ನು ಶಾಲೆಯು ಟರ್ನಿಟಿನ್ ಎಂಬ ತಂತ್ರಾಂಶದ ಮೂಲಕ ಹಾಯಿಸಿತು. ಬೇರೆಡೆಯ ಬರಹಕ್ಕೆ ಹೋಲುವ ಸಾಲುಗಳೆಲ್ಲ ಬಣ್ಣ ಹಚ್ಚಿಕೊಂಡು ಶಿಕ್ಷಕಿಯ ಪರದೆಯ ಮೇಲೆ ಬಂದವು. ಹೋಲಿಕೆಯ ಶೇಕಡಾವಾರು ತಾನಾಗಿಯೇ ಅಪರಾಧವನ್ನು ಸಾಬೀತುಪಡಿಸುವುದಿಲ್ಲ, ಏಕೆಂದರೆ ಸರಿಯಾಗಿ ಉದ್ಧರಿಸಿದ ಸಾಲುಗಳೂ ಅದರಲ್ಲಿ ಎಣಿಕೆಯಾಗಬಹುದು. ಆದ್ದರಿಂದ ಶಿಕ್ಷಕಿ ಅವನು ಬರೆದಿದ್ದ ಗೂಗಲ್ ಡಾಕ್ಸ್‌ನ ಆವೃತ್ತಿಗಳ ಇತಿಹಾಸವನ್ನು, ಅಂದರೆ ಯಾವಾಗ ಏನು ಬರೆದದ್ದು ಎಂಬ ದಾಖಲೆಯನ್ನು, ತೆರೆಯಿಸಿದರು. ಪ್ರಬಂಧದ ಉಳಿದ ಭಾಗ ಅಳಿಸುತ್ತಾ ತಿದ್ದುತ್ತಾ ಸಾಲುಸಾಲಾಗಿ ಬೆಳೆದಿತ್ತು; ಆ ಪ್ಯಾರಾ ಮಾತ್ರ ತಡರಾತ್ರಿ ಒಮ್ಮೆಲೇ ಇಡಿಯಾಗಿ ಬಂದು ಕುಳಿತಿತ್ತು. ಅದರಲ್ಲಿನ ಒಂದು ಶಬ್ದದ ಅರ್ಥ ಕೇಳಿದಾಗ ಹುಡುಗ ಸುಮ್ಮನಾದ. ಪ್ರಬಂಧಕ್ಕೆ ಸೊನ್ನೆ ಬಿತ್ತು, ಸೆಮಿಸ್ಟರಿನ ಇಂಗ್ಲಿಷ್‌ನಲ್ಲಿ ಫೇಲಾದ, ಬೇಸಗೆಯಲ್ಲಿ ಶುಲ್ಕ ಕಟ್ಟಿ ಮತ್ತೆ ಓದಬೇಕಾಯಿತು. ಜೂನ್‌ಗೆ ಊರಿಗೆಂದು ಮಾಡಿಸಿದ್ದ ವಿಮಾನದ ಟಿಕೆಟುಗಳ ಹಣ ಹೋದದ್ದು ಬೇರೆ. “ಶಬ್ದ ಬದಲಿಸಿದ್ದಾನಲ್ಲ, ಮತ್ತೇನು ತಪ್ಪು?” ಎಂದು ಅವನ ತಂದೆ ಇಂದಿಗೂ ಕೇಳುತ್ತಾರೆ. ಶಬ್ದ ಬದಲಿಸಿದರೂ ವಿಚಾರ ಇನ್ನೊಬ್ಬರದ್ದಾದರೆ ಅವರ ಹೆಸರು ಹೇಳಲೇಬೇಕು ಎಂಬುದು ಅಲ್ಲಿನ ನಿಯಮ.

ಇದಕ್ಕಿಂತ ಅಪಾಯಕಾರಿಯಾದದ್ದು ಅಕ್ಕನ ಪ್ರಬಂಧ. ಟರ್ನಿಟಿನ್ ವಿದ್ಯಾರ್ಥಿಗಳು ಹಿಂದೆ ಸಲ್ಲಿಸಿದ ಬರಹಗಳನ್ನೂ ತನ್ನ ಸಂಗ್ರಹದಲ್ಲಿ ಇಟ್ಟುಕೊಳ್ಳುತ್ತದೆಯಾದ್ದರಿಂದ, ಎರಡು ವರ್ಷ ಹಿಂದೆ ಅಕ್ಕ ಕೊಟ್ಟದ್ದನ್ನು ತಮ್ಮ ಕೊಟ್ಟರೆ ಸಿಕ್ಕಿಬೀಳುತ್ತಾನೆ. ನಮ್ಮವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಳೆಯ ಪ್ರಬಂಧಗಳನ್ನು ಹಂಚುವವರು ಉಪಕಾರ ಮಾಡುತ್ತಿಲ್ಲ. ಕೃತಕ ಬುದ್ಧಿಮತ್ತೆಯಿಂದ ಬರೆಸಿದ್ದನ್ನು ಗುರುತಿಸುವ ಸಾಧನವನ್ನೂ ಟರ್ನಿಟಿನ್ 2023ರಲ್ಲಿ ಸೇರಿಸಿತು. ಅಂತಹ ಸಾಧನಗಳು ಪ್ರಾಮಾಣಿಕವಾಗಿ ಬರೆದವರನ್ನೂ ಕೆಲವೊಮ್ಮೆ ಸಂಶಯಿಸುತ್ತವೆ. ಆಗ ಮಗುವಿನ ಪರವಾಗಿ ಸಾಕ್ಷಿ ಹೇಳುವುದು ಅದೇ ಆವೃತ್ತಿಗಳ ಇತಿಹಾಸ. ಆದಕಾರಣ ಮೊದಲ ವಾಕ್ಯದಿಂದಲೇ ಗೂಗಲ್ ಡಾಕ್ಸ್‌ನಲ್ಲಿ ಬರೆಯಬೇಕು. ಬೇರೆಲ್ಲೋ ಬರೆದು ತಂದು ಅಂಟಿಸಬಾರದು.

ಮೂಲವನ್ನು ಹೆಸರಿಸುವ ಕ್ರಮಕ್ಕೆ ಇಂಗ್ಲಿಷ್ ತರಗತಿಗಳಲ್ಲಿ ಸಾಮಾನ್ಯವಾಗಿ ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಪದ್ಧತಿಯನ್ನು ಅನುಸರಿಸುತ್ತಾರೆ. ಪರ್ಡ್ಯೂ ವಿಶ್ವವಿದ್ಯಾಲಯದ ಔಲ್ ಎಂಬ ಉಚಿತ ತಾಣದಲ್ಲಿ ಉದಾಹರಣೆಗಳ ಸಮೇತ ಅದರ ವಿವರಣೆಯಿದೆ. ಷೇಕ್ಸ್‌ಪಿಯರ್‌ನ ನಾಟಕದ ಮೊದಲ ಅಂಕ, ಏಳನೇ ದೃಶ್ಯ, 25ನೇ ಸಾಲನ್ನು ಉದ್ಧರಿಸಿದರೆ ವಾಕ್ಯದ ಕೊನೆಯಲ್ಲಿ ಆವರಣದೊಳಗೆ 1.7.25 ಎಂದು ಬರೆಯಬೇಕು; ಪುಟಸಂಖ್ಯೆ ಬರೆಯುವಂತಿಲ್ಲ. ಸಾಲುಸಂಖ್ಯೆ ಸಹಿತ ನಾಟಕಗಳ ಪೂರ್ಣಪಾಠ ಫೋಲ್ಜರ್ ಷೇಕ್ಸ್‌ಪಿಯರ್ ಗ್ರಂಥಾಲಯದ ತಾಣದಲ್ಲಿ ಉಚಿತವಾಗಿ ಸಿಗುತ್ತದೆ.

ದುಡ್ಡು ಕೊಟ್ಟು ಪಡೆಯುವ ತಾಣಗಳು ಬಹುಮಟ್ಟಿಗೆ ಅನಗತ್ಯವೆಂಬುದು ನನ್ನ ಅಭಿಪ್ರಾಯ. ಮೊದಲ ವಾರ ಉಚಿತವೆಂದು ಕ್ರೆಡಿಟ್ ಕಾರ್ಡ್ ಸಂಖ್ಯೆ ಕೇಳುವವುಗಳಿಂದಂತೂ ದೂರವಿರಬೇಕು. ವ್ಯಾಕರಣಕ್ಕೆ ಖಾನ್ ಅಕಾಡೆಮಿ, ಓದಿ ಉತ್ತರಿಸುವ ಅಭ್ಯಾಸಕ್ಕೆ ಕಾಮನ್‌ಲಿಟ್, ಹಳೆಯ ಕಾದಂಬರಿಗಳನ್ನು ಕೇಳಲು ಲಿಬ್ರಿವಾಕ್ಸ್, ಹೊಸ ಪುಸ್ತಕಗಳಿಗೆ ಊರಿನ ಸಾರ್ವಜನಿಕ ಗ್ರಂಥಾಲಯದ ಕಾರ್ಡಿನಿಂದ ತೆರೆಯುವ ಲಿಬಿ: ಇಷ್ಟು ಧಾರಾಳವಾಯಿತು. ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡವರು ಆ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಪ್ರಕಟಿಸಿರುವ ಹಿಂದಿನ ವರ್ಷಗಳ ಪ್ರಬಂಧ ಪ್ರಶ್ನೆಗಳನ್ನೂ ಮೌಲ್ಯಮಾಪನದ ಕೋಷ್ಟಕವನ್ನೂ ತಪ್ಪದೆ ನೋಡಬೇಕು. ಅಲ್ಲಿ ಪ್ರತಿ ಪ್ರಬಂಧಕ್ಕಿರುವ 6 ಅಂಕಗಳಲ್ಲಿ 4 ಅಂಕ ಪಠ್ಯದಿಂದ ಕೊಡುವ ಆಧಾರ ಮತ್ತು ಅದರ ವಿವರಣೆಗೆ ಮೀಸಲಾಗಿವೆ. ಕಥೆಯನ್ನು ಚೆಂದವಾಗಿ ಹೇಳಿದ್ದಕ್ಕೆ ಅಂಕವಿಲ್ಲ.

ಕಥೆ ಹೇಳಬೇಡ, ವಾದಿಸು ಎಂಬ ಈ ಬೇಡಿಕೆ ಹೊಸಬರಿಗೆ ತಬ್ಬಿಬ್ಬು ಮಾಡುತ್ತದೆ. ತಾಳಮದ್ದಳೆ ಕೇಳಿ ಬೆಳೆದ ಕರಾವಳಿಯ ಮಗುವಿಗೆ ಅದನ್ನು ವಿವರಿಸುವುದು ಸುಲಭ: ಪ್ರಸಂಗ ಎಲ್ಲರಿಗೂ ಗೊತ್ತಿರುವಂಥದ್ದೇ, ಭಾಗವತರ ಪದ್ಯವೂ ಅದೇ, ಆದರೆ ಕರ್ಣನ ಪರವಾಗಿ ಅರ್ಥಧಾರಿ ಆ ಪದ್ಯದಿಂದ ಎತ್ತುವ ವಾದ ಅವನದ್ದೇ ಆಗಿರಬೇಕು. ಬರವಣಿಗೆ ಕಲಿಸುವ ಮಟ್ಟಿಗೆ ಅವರ ಪದ್ಧತಿಯೇ ಮೇಲು ಎಂದು ನಾನು ಒಪ್ಪುತ್ತೇನೆ. ಆದರೆ ಉತ್ತರಪತ್ರಿಕೆಯ ಮೇಲೆ ಹೆಸರಿಲ್ಲದೆ, ಗುರುತಿಲ್ಲದವರು ಮೌಲ್ಯಮಾಪನ ಮಾಡುವ ನಮ್ಮ ಕ್ರಮದಲ್ಲಿರುವ ನಿಷ್ಪಕ್ಷಪಾತ, ತರಗತಿಯ ಶಿಕ್ಷಕರೇ ಎಲ್ಲ ಅಂಕ ಕೊಡುವಲ್ಲಿ ಇರುವುದಿಲ್ಲ. ಆದ್ದರಿಂದ ಗಡುವು ತಪ್ಪುವ ಸೂಚನೆ ಕಂಡ ಕೂಡಲೇ ಶಿಕ್ಷಕರಿಗೆ ಇಮೇಲ್ ಬರೆಯಬೇಕು, ಅದನ್ನೂ ಮಗುವೇ ಬರೆಯಬೇಕು. ಅಪ್ಪ ನೇರವಾಗಿ ಪ್ರಿನ್ಸಿಪಾಲರ ಬಳಿಗೆ ಹೋಗುವ ನಮ್ಮ ರೂಢಿ ಅಲ್ಲಿ ಕೆಲಸ ಕೆಡಿಸುತ್ತದೆ.

ಕಾಲೇಜಿನ ಪ್ರವೇಶಪತ್ರ ಮಾರ್ಚ್‌ನಲ್ಲಿ ಬಂದೊಡನೆ ಓದು ಮುಗಿಯಿತೆಂದು ಭಾವಿಸುವವರಿಗೆ ಒಂದು ಎಚ್ಚರಿಕೆ. ಶಾಲೆ ಮುಗಿದ ಮೇಲೆ ಅಲ್ಲಿನ ಕೌನ್ಸೆಲರ್, ಅಂದರೆ ವಿದ್ಯಾರ್ಥಿಗಳ ಮಾರ್ಗದರ್ಶಕರು, ಅಂತಿಮ ಅಂಕಪಟ್ಟಿಯನ್ನು ಆ ಕಾಲೇಜಿಗೆ ಕಳುಹಿಸುತ್ತಾರೆ, ಮತ್ತು ಕೊನೆಯ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಕೈಕೊಟ್ಟಿರುವುದು ಅದರಲ್ಲಿ ಕಂಡರೆ ಕೊಟ್ಟ ಪ್ರವೇಶವನ್ನು ಹಿಂಪಡೆಯುವ ಹಕ್ಕು ಕಾಲೇಜಿಗಿದೆ.